ರೊಟ್ಟಿ ಯಂತ್ರದ ಚುನಾವಣೆ

ನಾನೂ ನನ್ನ ಹೆಂಡತಿಯೂ ರಾಜ್ಯಶಾಸ್ತ್ರದ ಸಂಶೋಧಕರು. ಲಾಭಕ್ಕಲ್ಲದೆ, ಬಳಸುವವರೇ ಕೂಡಿ ನಡೆಸುವ ತಂತ್ರಜ್ಞಾನದ ಬಗ್ಗೆ ವರ್ಷಗಟ್ಟಲೆ ಬರೆದವರು. ಗಜೇಂದ್ರಗಡದ ನಮ್ಮ ಓಣಿಯ ಹೆಂಗಸರು ಸೇರಿ ಒಂದು ರೊಟ್ಟಿ ಯಂತ್ರ ತಂದಾಗ ನಮಗೆ ಹಬ್ಬವೇ ಆಯಿತು. ಅದರ ಉಸ್ತುವಾರಿ ಯಾರಿಗೆಂದು ಮೊಬೈಲಿನಲ್ಲಿ ಗುಪ್ತ ಮತದಾನ ಮಾಡಿರೆಂದು ಹುರಿದುಂಬಿಸಿದವರೂ ನಾವೇ. ಪಕ್ಕದ ಮನೆಯಾಕೆ ನಿಂತರು, ನಮ್ಮ ಜೊತೆಗಿರುವ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿಯೂ ನಿಂತರು.

ಮರುದಿನ ಅತ್ತೆ ಮನೆಮನೆಗೆ ಶೇಂಗಾ ಚಟ್ನಿ ಹಂಚತೊಡಗಿದರು.

“ಅವ್ವಾ, ಇದು ಲಂಚ ಆಗ್ತೈತಿ,” ಎಂದಳು ನನ್ನ ಹೆಂಡತಿ.

“ಲಂಚ ಹ್ಯಾಂಗವಾ? ರುಚಿ ನೋಡ್ಲಿ ಅಂತ ಕೊಟ್ಟೀನಿ. ನೀವು ಬರದ ಪುಸ್ತಕಾನೂ ಪುಕ್ಕಟ ಹಂಚೀರಲ್ಲ?”

ಹಂಚಿದ್ದು ಖರೆ. ಆದರೆ ಅವು ಚಟ್ನಿಯಷ್ಟು ಲಗುಬಗೆಯಿಂದ ಖಾಲಿಯಾಗಿರಲಿಲ್ಲ.

ಅತ್ತೆ ಗೆದ್ದರು. ಎದುರಾಳಿಗೆ ಬಿದ್ದದ್ದು ಎರಡೇ ಮತ, ಒಂದು ಆಕೆಯದೇ. ಇನ್ನೊಂದು ಯಾರದೆಂದು ಅತ್ತೆ ಕೇಳಲಿಲ್ಲ. ಸಂಜೆ ಮಗಳ ತಾಟಿಗೆ ಮೊದಲ ಬಿಸಿ ರೊಟ್ಟಿ ಹಾಕುತ್ತ, “ವಿರೋಧ ಪಕ್ಷ ಇರಬೇಕವಾ. ಆದ್ರ ಹಸ್ಕೊಂಡು ಇರಬಾರ್ದು,” ಎಂದರು.

ನನ್ನ ಹೆಂಡತಿ ನಗು ತಡೆದುಕೊಂಡು ಚಟ್ನಿ ಕೇಳಿದಳು.