ಪೆಟ್ಟಿಗೆಯ ಮೇಲಿನ ಅಜ್ಜಿ

ನಮ್ಮ ಮನೆಯವರ ಪೈ ತಿಂಡಿಯ ಅಂಗಡಿಗಳ ಇತಿಹಾಸ ಓದಲು ಪುಸ್ತಕ ಹುಡುಕಬೇಕಾಗಿಲ್ಲ. ಸ್ವೀಡನ್ನಿನ ಯಾವುದಾದರೂ ದೊಡ್ಡ ದಿನಸಿ ಅಂಗಡಿಗೆ ಹೋಗಿ, ಫ್ರೀಜರಿನ ಬಾಗಿಲು ತೆಗೆದು, ನಮ್ಮ ಪೈಗಳ ಹಳದಿ ಪೆಟ್ಟಿಗೆಯೊಂದನ್ನು ತಿರುಗಿಸಿದರೆ ಸಾಕು. ಹಿಂಬದಿಯಲ್ಲಿ ಎಂಟು ಸಾಲುಗಳಿವೆ. ಕರ್ನಾಟಕದ ಕರಾವಳಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಸೌದೆ ಒಲೆಯ ಮುಂದೆ ಕೂತು ಮಸಾಲೆ ಹುರಿಯುತ್ತಿದ್ದಳಂತೆ. ಆ ಕೈರುಚಿಯನ್ನು ಮಗ ಸಮುದ್ರ ದಾಟಿಸಿ ತಂದನಂತೆ. ಮೊಮ್ಮಗ ಅದನ್ನು ಊರೂರಿಗೆ ಮುಟ್ಟಿಸಿದನಂತೆ. ಇದರಲ್ಲಿ ಸೌದೆ ಒಲೆಯೊಂದು ಮಾತ್ರ ನಿಜ. ಆ ಎಂಟು ಸಾಲುಗಳನ್ನು ಬರೆದವಳು ನಾನು, ಹಾಗಾಗಿ ಗೊತ್ತಿದ್ದೇ ಹೇಳುತ್ತಿದ್ದೇನೆ.

ನಿಜವಾಗಿ ನಡೆದದ್ದು ಬೇರೆ. ಅಮ್ಮ ಗೋಥೆನ್‌ಬರ್ಗಿಗೆ ಬಂದ ಎರಡು ವರ್ಷಕ್ಕೆ ಮನೆ ಹತ್ತಿರದ ದಾಗಿಸ್‌ನಲ್ಲಿ ಅಡುಗೆಗೆ ಸೇರಿದಳು. ಕೆಲಸಕ್ಕೆ ಹೋಗುವವರು ಪುಟ್ಟ ಮಕ್ಕಳನ್ನು ಹಗಲು ಬಿಟ್ಟು ಹೋಗುವ ಜಾಗ ಅದು. ಉಡುಪಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದವಳು ಇಲ್ಲಿ ಕ್ಯಾರೆಟ್ ಹೆಚ್ಚುತ್ತಾ ನಿಂತಳು. ಅಲ್ಲಿನ ಹಿರಿಯ ಅಡುಗೆಯವಳು ಅವಳಿಗೆ ಪೈ ಹಿಟ್ಟು, ಅಂದರೆ ಒಳಗೆ ಪದಾರ್ಥ ತುಂಬಿ ಓವನ್ನಿನಲ್ಲಿ ಬೇಯಿಸುವ ಚಿಪ್ಪಿನ ಹಿಟ್ಟು, ಕಲಿಸಿದಳು: ಮೈದಾ, ತಣ್ಣನೆಯ ಬೆಣ್ಣೆ, ಒಂದೆರಡು ಚಮಚ ನೀರು. ಜಾಸ್ತಿ ಮುಟ್ಟಬಾರದು, ನಾದಲೇಬಾರದು. ಚಪಾತಿ ಹಿಟ್ಟು ನಾದಿದ ಕೈಗೆ ನಾದದೆ ಸುಮ್ಮನಿರುವುದೇ ದೊಡ್ಡ ಕಷ್ಟವಾಯಿತು ಎನ್ನುತ್ತಿದ್ದಳು ಅಮ್ಮ. ನವೆಂಬರ್ ಬಂದರೆ ನಮ್ಮ ಬಾಲ್ಕನಿಯಲ್ಲಿ ಸೈಕಲ್ಲಿನ ಪಕ್ಕ ಹಿಟ್ಟಿನ ಪಾತ್ರೆ ತಣಿಯುತ್ತಾ ಕೂತಿರುತ್ತಿತ್ತು.

ಅಪ್ಪನ ಆಫೀಸು ಅದೇ ಊರಿನ ಲಿಂಡ್‌ಹೋಲ್ಮೆನ್‌ನಲ್ಲಿ. ಅಲ್ಲಿ ಶುಕ್ರವಾರದ ಫೀಕಾಗೆ, ಅಂದರೆ ಕಾಫಿ ಹೊತ್ತಿಗೆ, ಸರದಿಯ ಮೇಲೆ ಒಬ್ಬೊಬ್ಬರು ತಿಂಡಿ ತರಬೇಕು. ಅಪ್ಪನ ಸರದಿ ಬಂದ ದಿನ ಮನೆಯಲ್ಲಿ ಕೋಳಿ ಸುಕ್ಕ ಉಳಿದಿತ್ತು. ಅಮ್ಮ ಅದನ್ನು ಅಂಗೈಯಗಲದ ಪೈಗಳಲ್ಲಿ ತುಂಬಿ ಬೇಯಿಸಿ ಕಳಿಸಿದಳು. ಮಸಾಲೆಯ ಎಣ್ಣೆ ಇಳಿದು ತಳವೆಲ್ಲ ಮೆತ್ತಗಾಗಿತ್ತು. ಆದರೂ ಡಬ್ಬಿ ಖಾಲಿಯಾಗಿ ಬಂತು. ಅಮ್ಮನಿಗೆ ಮಾತ್ರ ಆ ಮೆತ್ತನೆಯ ತಳ ಸಹಿಸಲಾಗಲಿಲ್ಲ. ಎಷ್ಟೋ ಭಾನುವಾರ ಪ್ರಯತ್ನಪಟ್ಟು, ಕೊನೆಗೆ ಕುಚಲಕ್ಕಿಯನ್ನು ಹುರಿದು ಪುಡಿ ಮಾಡಿ ತಳಕ್ಕೆ ತೆಳ್ಳಗೆ ಉದುರಿಸಿದಳು. ಎಣ್ಣೆಯನ್ನು ಪುಡಿ ಹೀರಿಕೊಂಡಿತು, ತಳ ಗರಿಗರಿಯಾಗಿ ನಿಂತಿತು. ಮುಂದಿನ ವ್ಯಾಪಾರವೆಲ್ಲ ನಿಂತದ್ದು ಆ ಪುಡಿಯ ಮೇಲೆ.

ಮೊದಲ ಅಂಗಡಿ ಲಿಂಡ್‌ಹೋಲ್ಮೆನ್‌ನಲ್ಲೇ ಆಯಿತು. ಮಧ್ಯಾಹ್ನ ಮಾತ್ರ ತೆರೆಯುವ ಸಣ್ಣ ರೆಸ್ಟೋರೆಂಟು. ಒಂದು ಪೈ, ಒಂದಿಷ್ಟು ಸಲಾಡ್, ಕುಡಿಯಲು ಲೋಟದಲ್ಲಿ ಸಾರು. ಅಮ್ಮ ದಾಗಿಸ್ ಬಿಟ್ಟಳು. ಅಣ್ಣ ಓದು ಮುಗಿಸಿ ಆಡಳಿತ ವಹಿಸಿಕೊಂಡ. ನಾನು ಲುಂಡ್‌ನಲ್ಲಿ ಓದುತ್ತಿದ್ದಾಗ ಅಲ್ಲೊಂದು ಶಾಖೆ ಬಂತು, ಆಮೇಲೆ ಲುಲೆಯೊದಲ್ಲಿ, ಆಮೇಲೆ ನಾನು ಲೆಕ್ಕ ಇಡುವುದನ್ನೇ ಬಿಟ್ಟೆ. ಹೊಸ ಶಾಖೆ ಆದಾಗಲೆಲ್ಲ ಅಮ್ಮ ಒಂದು ತಿಂಗಳು ಅಲ್ಲಿ ನಿಂತು ಕೆಲಸದವರ ಕೈ ತಿದ್ದಿ ಬರುತ್ತಿದ್ದಳು. ರಿಬ್ಬನ್ ಕತ್ತರಿಸುವ ದಿನ ಅಪ್ಪ, ಅಣ್ಣ ಸೂಟು ಹಾಕಿಕೊಂಡು ಮುಂದೆ ನಿಲ್ಲುತ್ತಿದ್ದರು. ಅಮ್ಮ ಒಳಗೆ ಓವನ್ ನೋಡಿಕೊಳ್ಳುತ್ತಿದ್ದಳು. ಯಾರೂ ಅವಳನ್ನು ತಡೆದಿರಲಿಲ್ಲ, ಯಾರೂ ಕರೆಯಲೂ ಇಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯ ಬಗ್ಗೆ ಹೇಳಬೇಕು. ಸೊಸೆ ಮಾಡಿದ ಅಡುಗೆಯನ್ನು ನೆಂಟರು ಹೊಗಳಿದರೆ ಸೊಸೆಯಾದವಳು ‘ಅತ್ತೆ ಹೇಳಿಕೊಟ್ಟದ್ದು’ ಎನ್ನಬೇಕು. ನಿಜವೋ ಸುಳ್ಳೋ ಯಾರೂ ಕೇಳುವುದಿಲ್ಲ. ಅಮ್ಮ ಸ್ವೀಡನ್ನಿಗೆ ಬಂದ ಮೇಲೂ ಇದನ್ನು ಬಿಡಲಿಲ್ಲ. ಅಂಗಡಿಗೆ ಬಂದ ಸ್ವೀಡಿಷರು ಅಡುಗೆಮನೆಗೆ ಇಣುಕಿ ಪೈ ಚೆನ್ನಾಗಿದೆ ಎಂದರೆ, ತನ್ನ ಒಡ್ಡೊಡ್ಡು ಸ್ವೀಡಿಷ್‌ನಲ್ಲಿ, ಅತ್ತೆ ಹೇಳಿಕೊಟ್ಟದ್ದು ಎನ್ನುತ್ತಿದ್ದಳು. ಅವರು ಅದನ್ನು ನಂಬಿ ತಲೆಯಾಡಿಸಿ ಹೋಗುತ್ತಿದ್ದರು.

ಆ ಅತ್ತೆ, ನಮ್ಮ ಅಜ್ಜಿ, ಒಂದೇ ಒಂದು ಸಲ ಇಲ್ಲಿಗೆ ಬಂದು ಮೂರು ತಿಂಗಳು ಇದ್ದರು. ಕೆಟ್ಟವರೇನಲ್ಲ, ಆದರೆ ಅಮ್ಮನ ಯಾವ ಅಡುಗೆಯೂ ಅವರಿಗೆ ಸರಿಬರುತ್ತಿರಲಿಲ್ಲ. ಪೈ ಬಡಿಸಿದಾಗ ಒಳಗಿನ ಕೋಳಿಯನ್ನು ಚಮಚದಲ್ಲಿ ಎತ್ತಿ ತಿಂದು, ಹಿಟ್ಟಿನ ಚಿಪ್ಪನ್ನು ತಟ್ಟೆಯ ಅಂಚಿಗೆ ತಳ್ಳಿ, ಇದು ಬೆಂದಿಲ್ಲ ಎಂದರು. ಮರುದಿನದಿಂದ ಅವರಿಗೆ ಗಂಜಿಯೇ ಆಯಿತು. ಓವನ್ನಿನ ಬಾಗಿಲನ್ನು ಅವರು ಒಂದು ದಿನವೂ ಮುಟ್ಟಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಅಜ್ಜಿ ತೀರಿಕೊಂಡ ಮರುವರ್ಷ ಅಣ್ಣ ಪೈಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಮಾರಲು ಹೊರಟ, ಹಿಂಬದಿಗೆ ಏನಾದರೂ ಬರೆದುಕೊಡು ಎಂದ. ಮನೆಯಲ್ಲಿ ನನ್ನ ಸ್ವೀಡಿಷ್ ಎಲ್ಲರಿಗಿಂತ ಚೆನ್ನಾಗಿತ್ತು, ಅದರ ಜಂಬವೂ ಇತ್ತು. ಇಲ್ಲಿನ ಜನಕ್ಕೆ ಅಜ್ಜಿಯ ಅಡುಗೆ ಎಂದರೆ ಪ್ರೀತಿ ಎಂದು ತಿಳಿದಿದ್ದೆ. ದಾಗಿಸ್‌ನಲ್ಲಿ ಪೈ ಕಲಿತ ಹೆಂಗಸಿನ ಕಥೆ ಯಾರಿಗೆ ಬೇಕು? ಅಮ್ಮ ದಿನವೂ ಹೇಳುತ್ತಿದ್ದ ಮಾತನ್ನೇ ತೆಗೆದುಕೊಂಡು, ಅದಕ್ಕೆ ಸೌದೆ ಒಲೆ ಸೇರಿಸಿ, ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಅಮ್ಮನ ಹೆಸರು ಹಾಕಲು ಜಾಗವೇ ಇರಲಿಲ್ಲ ಎಂದುಕೊಂಡೆ. ಪೆಟ್ಟಿಗೆ ಅಚ್ಚಾಗಿ ಬಂದಾಗ ಅಮ್ಮ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದಳು. ಏನು ಬರೆದಿದ್ದೀ ಎಂದು ಕೇಳಿದಳು. ನಮ್ಮ ಮನೆಯ ಕಥೆ ಎಂದೆ. ಚಂದ ಉಂಟು ಎಂದು ಹೇಳಿ ಒಳಗೆ ಹೋದಳು.

ಹೋದ ವರ್ಷ ದೊಡ್ಡ ಕಂಪನಿಯೊಂದು ನಮ್ಮ ಅಂಗಡಿಗಳನ್ನೆಲ್ಲ ಕೊಳ್ಳಲು ಬಂತು. ಅಪ್ಪನಿಗೆ ವಯಸ್ಸಾಗಿತ್ತು, ಅಣ್ಣನಿಗೆ ಸಾಕಾಗಿತ್ತು. ಮಾತುಕತೆಯ ನಡುವೆ ಕಂಪನಿಯವರು ಒಂದು ಮಾತು ಸೇರಿಸಿದರು. ಈ ಪೈಗಳನ್ನು ಮೊದಲು ಮಾಡಿದವರು ಬದುಕಿದ್ದರೆ ಅವರಿಗೆ ತಮ್ಮ ಪ್ರಯೋಗದ ಅಡುಗೆಮನೆಯಲ್ಲಿ ಜಾಗ ಕೊಡುತ್ತೇವೆ, ಹೊಸ ಪೈಗಳನ್ನು ಅವರೇ ರೂಪಿಸಲಿ, ಪೆಟ್ಟಿಗೆಯ ಮೇಲೆ ಅವರ ಹೆಸರಿರುತ್ತದೆ ಎಂದರು. ಅಣ್ಣ ಕಾಗದ ನೋಡಿ, ಅವರು ತೀರಿಕೊಂಡಿದ್ದಾರೆ ಎಂದು ಉತ್ತರ ಕೊಟ್ಟ. ಪೆಟ್ಟಿಗೆಯ ಪ್ರಕಾರ ಮೊದಲು ಮಾಡಿದವರು ಅಜ್ಜಿಯಲ್ಲವೇ. ಅದೇ ತಿಂಗಳು ಅಮ್ಮ ಮನೆಯಲ್ಲಿ ಬಂಗುಡೆ ಪೈಯೊಂದನ್ನು ಮಾಡಿ ಮಾಡಿ ಕೆಡಿಸುತ್ತಿದ್ದಳು. ಮಾರಿದ ಮೇಲೆ ಅವಳಿಗೆ ಹೋಗಲು ಒಂದು ಅಡುಗೆಮನೆಯೂ ಉಳಿಯುವುದಿಲ್ಲ ಎಂದು ನನಗೆ ಆಗ ಹೊಳೆಯಿತು.

ನಾನು ಈಗ ಇರುವ ಲುಲೆಯೊದಿಂದ ಫೋನು ಮಾಡಿ ಅಣ್ಣನ ಮೇಲೆ ಹರಿಹಾಯ್ದೆ. ಕಂಪನಿಗೆ ನಿಜ ತಿಳಿಸು, ಇಲ್ಲದಿದ್ದರೆ ನಾನೇ ತಿಳಿಸುತ್ತೇನೆ ಎಂದೆ. ಅವನು ದನಿ ಏರಿಸಲಿಲ್ಲ.

‘ಅವರು ತಗೊಳ್ತಾ ಇರೋದು ಸ್ಟೋರಿ. ಅದೇ ಸುಳ್ಳು ಅಂತ ಗೊತ್ತಾದ್ರೆ ಉಳಿದ ಪೇಪರ್ಸ್ ಎಲ್ಲ ಮತ್ತೆ ಚೆಕ್ ಮಾಡ್ತಾರೆ. ಬರ್ದಿದ್ದು ನೀನು ತಾನೆ? ನೀನೇ ಹೇಳು ಹಾಗಾದ್ರೆ, ನಾನು ಬೇಡ ಅನ್ನಲ್ಲ.’

ಅಪ್ಪನನ್ನು ಕೇಳಿದರೆ, ಸತ್ತವರ ಹೆಸರು ಅಳಿಸಿ ಏನು ಬರುತ್ತದೆ ಎಂದರು. ಬದುಕಿದ್ದವಳ ಹೆಸರನ್ನು ಅಳಿಸಿದ್ದು ಯಾರಿಗೂ ಭಾರವಾಗಿರಲಿಲ್ಲ. ನನಗೂ ಅಷ್ಟು ವರ್ಷ ಅದು ಭಾರವಾಗಿರಲಿಲ್ಲ ಎನ್ನುವುದನ್ನು ಸೇರಿಸದಿದ್ದರೆ ಮತ್ತೊಂದು ಸುಳ್ಳು ಬರೆದ ಹಾಗಾಗುತ್ತದೆ.

ಅಷ್ಟರಲ್ಲಿ ಕಂಪನಿಯವರಿಗೆ ಪೆಟ್ಟಿಗೆಯ ಮುಂಬದಿಗೆ ಅಜ್ಜಿಯ ಫೋಟೋ ಬೇಕಾಯಿತು. ನಮ್ಮಲ್ಲಿದ್ದ ಒಂದೇ ಫೋಟೋದಲ್ಲಿ ಅಜ್ಜಿ ಗಂಟುಮೋರೆ ಹಾಕಿದ್ದರು. ಅಮ್ಮನೇ ಅಜ್ಜಿಯಾಗಿ ಕೂರಲಿ, ಹೇಗೂ ಕೂದಲು ನೆರೆತಿದೆ ಎಂದು ಅಣ್ಣ ಸೂಚಿಸಿದ. ಅಮ್ಮ ಒಪ್ಪಿದಳು. ನಾನು ಗೋಥೆನ್‌ಬರ್ಗಿಗೆ ಹೋದೆ, ನಿಜ ಹೇಳಿಸುತ್ತೇನೆ ಎಂದುಕೊಂಡೇ ಹೋದೆ. ಒಳಗೊಳಗೆ ನನಗೆ ಒಂದು ಆಸೆಯಿತ್ತು. ಅಮ್ಮ ಯಾವತ್ತಿನ ಹಾಗೆ ‘ಹೋಗ್ಲಿ ಬಿಡು’ ಎಂದರೆ ನಾನು ಹಗುರಾಗಿ ವಾಪಸು ಬರಬಹುದಿತ್ತು.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅಜ್ಜಿಯ ಹಸಿರು ಅಂಚಿನ ಸೀರೆಯ ಸೆರಗಿಗೆ ಪಿನ್ನು ಹಾಕುತ್ತಾ, ಇದೆಲ್ಲ ನಿನಗೆ ಇಷ್ಟವಿಲ್ಲದಿದ್ದರೆ ಹೇಳಮ್ಮ ಎಂದೆ. ಅಮ್ಮ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು.

‘ದಾಗಿಸ್‌ನಲ್ಲಿ ಟೀಚರ್ ರಜೆ ಹಾಕಿದ್ರೆ ಮಕ್ಕಳಿಗೆ ಕಥೆ ಓದ್ತಾ ಇದ್ದದ್ದು ನಾನು. ಒಂದು ಪೆಟ್ಟಿಗೆ ಓದ್ಲಿಕ್ಕೆ ಬರುದಿಲ್ವಾ ನಂಗೆ? ಅವತ್ತೇ ಓದಿದ್ದೆ.’

ನನ್ನ ಬೆರಳಿಗೆ ಪಿನ್ನು ಚುಚ್ಚಿತು. ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

‘ಅತ್ತೆ ಹೇಳಿಕೊಟ್ಟದ್ದು ಅಂತ ನಾನು ಹೇಳ್ಬೇಕು. ಇಲ್ಲ ಇಲ್ಲ, ಇದು ನಿಮ್ಮ ಕೈಗುಣ ಅಂತ ಎದುರು ಇದ್ದವರು ಹೇಳ್ಬೇಕು. ಇಲ್ಲಿಯವರಿಗೆ ಅದು ಗೊತ್ತಿಲ್ಲ, ಅವರನ್ನು ಬಿಡು. ನಿಂಗೆ ಗೊತ್ತಿತ್ತಲ್ಲ ಮಗಾ. ನೀನು ಬರ್ಕೊಂಡ್‌ಬಿಟ್ಟೆ.’

ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದಳು. ಕಂಪನಿಯವರು ಹೊರಗೆ ಇದ್ದಾರೆ, ಹೇಳುವುದಾದರೆ ಈಗ ಹೇಳು ಎಂದು ಬಾಗಿಲು ತೆಗೆದಳು. ಸಿಟ್ಟೇನೂ ಇರಲಿಲ್ಲ. ಅಂಗಡಿ ಶುರುವಾದ ಇಪ್ಪತ್ತು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದು ಅದೊಂದೇ.

ಹೊರಗೆ ಕಂಪನಿಯ ಹೆಂಗಸು ನಗುತ್ತಾ ನನ್ನ ಕೈಕುಲುಕಿದಳು. ಪೆಟ್ಟಿಗೆಯ ಕಥೆ ಬರೆದವಳು ನೀನೇ ಅಂತೆ, ಎಷ್ಟು ಚೆನ್ನಾಗಿ ಬರೆದಿದ್ದೀಯ ಎಂದಳು. ಅಣ್ಣ ಅವಳ ಹಿಂದೆ ಗೋಡೆಗೊರಗಿ ನೆಲ ನೋಡುತ್ತಾ ನಿಂತಿದ್ದ. ಅಮ್ಮ ಕುರ್ಚಿಯಲ್ಲಿ ಕೂತಾಗಿತ್ತು, ದೀಪಗಳು ಹತ್ತಿದ್ದವು. ಈ ಫೋಟೋದ ಕೆಳಗೂ ಒಂದು ಸಾಲು ಬೇಕು, ಈಗಲೇ ಬರೆದುಕೊಡುತ್ತೀಯಾ ಎಂದು ಕಂಪನಿಯ ಹೆಂಗಸು ಕಾಗದ ಮುಂದೆ ಚಾಚಿದಳು.

‘ಎಲ್ಲ ಶುರುವಾದದ್ದು ಈ ಅಜ್ಜಿಯ ಕೈಯಿಂದ’ ಎಂದು ಅಚ್ಚುಕಟ್ಟಾದ ಸ್ವೀಡಿಷ್‌ನಲ್ಲಿ ಬರೆದುಕೊಟ್ಟೆ.