ಗುರುಲಿಂಗಪ್ಪ ನಂಬದ ಮುಳ್ಳು

ಮೂಡಲಗಿಯ ಬೆಲ್ಲದ ಪೇಟೆಯಲ್ಲಿ ಗುರುಲಿಂಗಪ್ಪ ತಕ್ಕಡಿ ಹಿಡಿದನೆಂದರೆ ರೈತನೂ ಸುಮ್ಮನೆ, ವ್ಯಾಪಾರಿಯೂ ಸುಮ್ಮನೆ. ಮೊದಲು ಹೆಬ್ಬೆರಳಿನಿಂದ ಬೆಲ್ಲದ ಪೆಂಟೆಯನ್ನು ಒತ್ತಿ ನೋಡುವನು. ಬೆರಳು ಇಳಿದರೆ ಹಸಿ ಬೆಲ್ಲ, ಇಳಿಯದಿದ್ದರೆ ಗಟ್ಟಿ ಬೆಲ್ಲ. ಆಮೇಲೆ ತಕ್ಕಡಿಯ ಮುಳ್ಳು ನೋಡಿ ತೂಕ ಕೂಗುವನು. ಕೂಗಿದ್ದೇ ಕೊನೆ. "ಇನ್ನೊಮ್ಮೆ ನೋಡ್ರಿ" ಎಂದವನ ಸರದಿ ಆ ದಿನ ಎಲ್ಲರ ಹಿಂದೆ. ಇಂಥ ಬಿಗುಮಾನ ಪೇಟೆಯಲ್ಲಿ ನಡೆಯುತ್ತದೆ. ಅದನ್ನು ಅವನು ಮನೆಗೆ ಹೊತ್ತುಕೊಂಡು ಹೋಗಬಾರದಿತ್ತು.

ಅವನ ಹೆಂಡತಿ ಉದ್ದವ್ವನಿಗೆ ಚಿಮಣಿ ದೀಪದ ಸುತ್ತ ಬಣ್ಣದ ಬಳೆ ಕಾಣತೊಡಗಿತು. ಮಗ್ಗುಲಲ್ಲೇ ಇಟ್ಟ ಕೊಡ ಕಾಣದೆ ಎಡವುತ್ತಿದ್ದಳು. ಇದು ಸಾವಿರದ ಒಂಬೈನೂರ ಮೂವತ್ತೆಂಟರ ಸುಮಾರಿನ ಮಾತು. ಪರವೂರಿನ ಕಣ್ಣಿನ ಡಾಕ್ಟರೊಬ್ಬರು ಗೋಕಾಕದ ಛತ್ರದಲ್ಲಿ ಇಳಿದಿದ್ದಾರೆಂದು ಕೇಳಿ ಗುರುಲಿಂಗಪ್ಪ ಅಂದೇ ಚಕ್ಕಡಿ ಕಟ್ಟಿದ. ಹೆಂಡತಿಯ ಮೇಲೆ ಅವನಿಗೆ ಜೀವವಿತ್ತು, ಆ ಮಾತಿನಲ್ಲಿ ಸಂಶಯವಿಲ್ಲ.

ಡಾಕ್ಟರ ಬಳಿ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದೊಂದು ಯಂತ್ರವಿತ್ತು. ಅಂಗಾತ ಮಲಗಿಸಿ, ನೋವಾಗದಂತೆ ಹನಿ ಬಿಟ್ಟು, ಅದನ್ನು ಕಣ್ಣಗುಡ್ಡೆಯ ಮೇಲೆ ನಿಲ್ಲಿಸುತ್ತಿದ್ದರು. ಕೆಳಗೊಂದು ಕಡ್ಡಿ, ಮೇಲೊಂದು ಮುಳ್ಳು. ಕಣ್ಣೊಳಗಿನ ಒತ್ತಡ ಅದರಲ್ಲಿ ತಿಳಿಯುತ್ತದಂತೆ.

ಮೊದಲು ಅರಳೆ ವ್ಯಾಪಾರಿ ಖಾದರಬಾಷಾ ಮಲಗಿದ. ಮುಳ್ಳು ಸರ್ರನೆ ಓಡಿತು. "ನಿಮ್ಮ ಕಣ್ಣು ಛಲೋ ಅದಾವ್ರಿ" ಎಂದು ಡಾಕ್ಟರು ಅವನನ್ನು ಕಳಿಸಿದರು. ಉದ್ದವ್ವನ ಕಣ್ಣ ಮೇಲೆ ಅದೇ ಮುಳ್ಳು ಒಂಚೂರು ಮಿಸುಕಿ ನಿಂತುಬಿಟ್ಟಿತು. "ಕಣ್ಣು ಬಿಗಿ ಹಿಡೀಬ್ಯಾಡವ್ವಾ" ಎಂದು ಮತ್ತೆ ಇಟ್ಟು ನೋಡಿದರು. ಆಗಲೂ ಅಷ್ಟೇ.

"ಒತ್ತಡ ಭಾಳ ಐತ್ರಿ. ಇದ ವಾರ ಬೆಳಗಾವಿಗೆ ಬರ್ರಿ, ಆಪರೇಶನ್ ಮಾಡಬೇಕು. ತಡಾ ಮಾಡಿದ್ರ ಹೋದ ದೃಷ್ಟಿ ತಿರುಗಿ ಬರಂಗಿಲ್ಲ."

ಗುರುಲಿಂಗಪ್ಪ ತಲೆಯಾಡಿಸಿ ಹೊರಗೆ ಬಂದವನು ಚಕ್ಕಡಿ ಹತ್ತುತ್ತಲೇ ಸಿಡುಕಿದ. "ಮುಳ್ಳು ಓಡಿದಂವಗ ಏನೂ ಇಲ್ಲಂತ, ಓಡದಾಕಿಗೆ ಭಾಳ ಐತೆಂತ! ಖೊಟ್ಟಿ ತಕ್ಕಡಿ ಅದು."

"ಹಂಗ್ಯಾಕ ಅಂತ ಅವರನ್ನ ಒಂದ್ ಮಾತು ಕೇಳ್ರಲ್ಲಾ" ಎಂದಳು ಉದ್ದವ್ವ.

"ನನಗ ಮುಳ್ಳು ನೋಡೂದು ಕಲಸ್ತಾರೇನು ಅವರು?"

ಉದ್ದವ್ವ ಸೆರಗು ಸರಿಮಾಡಿಕೊಂಡು ಕೂತಳು. ಇಡೀ ಪೇಟೆ ನಂಬುವ ಗಂಡನನ್ನು ಅವಳೂ ನಂಬಿದಳು, ಪಾಪ. ಚಕ್ಕಡಿ ಮೂಡಲಗಿಯ ದಾರಿ ಹಿಡಿಯಿತು.

ಬೆಳಗಾವಿಗೆ ಹೋಗಲೇ ಇಲ್ಲ. ಅವರಿವರು ಹೇಳಿದ ಔಷಧವನ್ನೆಲ್ಲ ಅವನು ತಂದು ಹಾಕಿದ. ಬಾಗಿಲು, ಅಂಗಳ, ಕೊನೆಗೆ ಅವನ ಮುಖ, ಹೀಗೆ ಒಂದೊಂದೇ ಅವಳಿಗೆ ಕಾಣದಾದವು. ಕೆಲವು ವರ್ಷಗಳ ಮೇಲೆ ಅವಳ ತವರು ಹುಕ್ಕೇರಿಗೆ ಅದೇ ಡಾಕ್ಟರು ಬಂದಾಗ ಕೈಹಿಡಿದು ಕರೆದೊಯ್ದ. ಡಾಕ್ಟರು ದೀಪ ಹಿಡಿದು ನೋಡಿ, "ಇನ್ನ ಏನೂ ಮಾಡಾಕ ಬರಂಗಿಲ್ರಿ" ಎಂದರು.

ಅವಳನ್ನು ಚಕ್ಕಡಿಯಲ್ಲಿ ಕೂರಿಸಿ ಅವನೊಬ್ಬನೇ ತಿರುಗಿ ಹೋದ. ಮೇಜಿನ ಮೇಲಿದ್ದ ಯಂತ್ರ ತೋರಿಸಿ, ಅಂದು ಕೇಳದ್ದನ್ನು ಇಂದು ಕೇಳಿದ.

"ಈ ಕಡ್ಡಿ ಕಣ್ಣನ್ನ ಒತ್ತತೈತ್ರಿ" ಎಂದರು ಡಾಕ್ಟರು. "ಕಣ್ಣು ಮೆತ್ತಗಿದ್ರ ಕಡ್ಡಿ ಇಳೀತೈತಿ, ಮುಳ್ಳು ಓಡತೈತಿ. ಒಳಗ ಒತ್ತಡ ಹೆಚ್ಚಾಗಿ ಕಣ್ಣು ಗಟ್ಟಿ ಆಗಿದ್ರ ಕಡ್ಡಿ ಇಳಿಯಂಗಿಲ್ಲ, ಮುಳ್ಳು ನಿಂತಬಿಡತೈತಿ."

ಗುರುಲಿಂಗಪ್ಪನ ಕಣ್ಣು ತನ್ನ ಹೆಬ್ಬೆರಳಿನ ಮೇಲೆ ಹೋಯಿತು. ದಿನಾ ಬೆಲ್ಲದ ಪೆಂಟೆಗೆ ಒತ್ತುವ ಬೆರಳು ಅದು. ಇಷ್ಟು ಸರಳವಾದದ್ದು ಪೇಟೆಯಲ್ಲಿ ಅವನಷ್ಟು ಬೇಗ ಇನ್ನಾರಿಗೂ ಅರ್ಥವಾಗುತ್ತಿರಲಿಲ್ಲ. ಅವನು ಚಕ್ಕಡಿಯ ಬಳಿಗೆ ತಿರುಗಿ ಬಂದ.

"ಏನಂದ್ರು?" ಎಂದಳು ಉದ್ದವ್ವ, ಹೆಜ್ಜೆಯ ಸಪ್ಪಳ ಕೇಳಿ.

ಮುಚ್ಚಿಡಬಹುದಿತ್ತು. ಅವನು ಎಲ್ಲ ಹೇಳಿದ, ಬೆಲ್ಲದ ಮಾತನ್ನೂ ಬಿಡಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಆವತ್ತ ಕೇಳಿದ್ರೂ ಇಷ್ಟ ಹೇಳ್ತಿದ್ರೇನ್ರಿ?"

"ಇಷ್ಟ ಹೇಳ್ತಿದ್ರು" ಎಂದ ಗುರುಲಿಂಗಪ್ಪ.