ಲಿಂಗ ಹಿಡಿದ ಕೈ

ನೋವು ಮೊದಲು ಬಂದದ್ದು ಕೈಗೆ. ಎದೆಗಲ್ಲ.

ಎದೆಗೆ ಬಂದಿದ್ದರೆ ನಾನೂ ಎಲ್ಲರ ಹಾಗೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದೆ. ಬಂದದ್ದು ಎಡಗೈಗೆ, ಅದೂ ಬೆಳಗಿನ ಪೂಜೆಯ ಹೊತ್ತಿಗೆ. ನಮ್ಮದು ಗವಿಪುರದ ಲಿಂಗಾಯತರ ಮನೆ. ಸ್ನಾನವಾದ ಮೇಲೆ ಕೊರಳಲ್ಲಿ ತೂಗುವ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಕೂರುತ್ತೇವೆ. ಕೈ ಅಲುಗಬಾರದು, ದೃಷ್ಟಿ ಕದಲಬಾರದು. ಹತ್ತು ನಿಮಿಷ ಹಾಗೆ ಹಿಡಿದರೆ ಯಾರ ಕೈಯಾದರೂ ನೋಯುತ್ತದೆ. ನನಗೆ ಐವತ್ತೇಳು. ನೋಯಲಿ ಬಿಡು, ವಯಸ್ಸಾಯಿತು ಅಂದುಕೊಂಡೆ.

ಆದರೆ ಈ ನೋವು ಬೇರೆ ಥರ ಇತ್ತು. ಭುಜದಿಂದ ಇಳಿದು ಕಿರುಬೆರಳಿನವರೆಗೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಕೈ ಇಳಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಹೋಗುತ್ತಿತ್ತು. ಇಳಿಸಿದರೆ ಹೋಗುತ್ತದೆ ಅಂದಮೇಲೆ ಅದು ಎತ್ತಿದ್ದರ ನೋವೇ ತಾನೇ? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳ ತರ್ಕ ಇದು. ಬಟ್ಟೆ ಒಣಹಾಕಲು ಮಹಡಿ ಹತ್ತಿದಾಗಲೂ ಅದೇ ಕೈ ಸೆಳೆಯುತ್ತಿತ್ತು. ಅದಕ್ಕೂ ಬೆಳಗಿನ ಪೂಜೆಯನ್ನೇ ಕಾರಣ ಮಾಡಿದೆ.

ಇನ್ನೊಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. ಕೈ ನೋಯುವುದು ಮನಸ್ಸು ನಿಲ್ಲದೆ ಇರುವುದರಿಂದ ಎಂದುಕೊಂಡು, ಶ್ರಾವಣ ಬಂದದ್ದೇ ನೆಪವಾಗಿ, ಹತ್ತು ನಿಮಿಷದ ಪೂಜೆಯನ್ನು ಅರ್ಧ ಗಂಟೆಗೆ ಏರಿಸಿದೆ.

ನನ್ನ ನಾದಿನಿ ಮಂಗಳಾ ಇರುವುದು ಎನ್.ಆರ್. ಕಾಲೋನಿಯಲ್ಲಿ. ಒಂದು ದಿನ ಬಿಲ್ವಪತ್ರೆ ಕೊಟ್ಟು ಹೋಗಲು ಬಂದವಳು ನಾನು ಕೈ ನೀವಿಕೊಳ್ಳುವುದನ್ನು ನೋಡಿದಳು.

“ಅತ್ತಿಗೆ, ಡಾಕ್ಟರ್‌ಗೆ ತೋರಿಸ್ಬಾರ್ದಾ?”

“ಲಿಂಗ ಹಿಡಿದ್ರೆ ಕೈ ನೋಯುತ್ತೆ ಅಂತ ಯಾವ ಡಾಕ್ಟರ್ ಹತ್ರ ಹೇಳ್ಲಿ? ನಗ್ತಾರೆ ಕಣೇ.”

“ನಗ್ಲಿ ಬಿಡಿ. ನಕ್ಕು ಮಾತ್ರೆ ಕೊಡ್ತಾರೆ.”

ನಾನು ಹೋಗಲಿಲ್ಲ.

ಎರಡು ವಾರ ಕಳೆಯಿತು. ಅವತ್ತು ಸೋಮವಾರ. ನಮ್ಮ ಯಜಮಾನರು ಪೇಟೆಯ ಪಾತ್ರೆ ಅಂಗಡಿಗೆ ಹೊರಡಲು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ನಾನು ಪೂಜೆಗೆ ಕೂತು ಐದು ನಿಮಿಷವಾಗಿತ್ತೇನೋ. ಕೈಯ ನೋವು ಕತ್ತು ದಾಟಿ ದವಡೆಗೆ ಏರಿತು. ಹಲ್ಲೆಲ್ಲ ಜುಮ್ಮೆಂದವು. ಬೆನ್ನಲ್ಲಿ ತಣ್ಣನೆಯ ಬೆವರು.

ಅಂಗೈಯಿಂದ ಲಿಂಗ ಜಾರಿತು.

ಅದು ಹೇಗೋ ಬಲಗೈ ಹಿಡಿದುಕೊಂಡಿತು. ನೆಲಕ್ಕೆ ಬೀಳಲಿಲ್ಲ. ಲಿಂಗ ಕೆಳಗೆ ಬಿದ್ದರೆ ಪ್ರಾಣವೇ ಬಿದ್ದ ಹಾಗೆ ಎಂದು ಹೇಳಿಸಿಕೊಂಡು ಬೆಳೆದವಳು ನಾನು. ಆ ಹೊತ್ತಿಗೆ ನನಗೆ ಲಿಂಗದ್ದೇ ಚಿಂತೆ. ಎದೆ ಮೇಲೆ ಯಾರೋ ಕೂತ ಹಾಗೆ ಆಗುತ್ತಿದ್ದರೂ ಅದರ ಕಡೆ ಗಮನವೇ ಇಲ್ಲ.

“ಏನಾಯ್ತೇ ಗಿರಿಜಾ? ಮುಖ ಬಿಳಿಚ್ಕೊಂಡಿದೆ. ಏಳು, ಆಸ್ಪತ್ರೆಗೆ ಹೋಗೋಣ,” ಎಂದು ಯಜಮಾನರು ಓಡಿಬಂದರು.

“ತಡೀರಿ. ಪೂಜೆ ಅರ್ಧಕ್ಕೆ ಬಿಡಬಾರ್ದು.”

“ಅಯ್ಯೋ, ಬಿಡೇ ಅಂದ್ರೆ!”

ಬಿಡಲಿಲ್ಲ. ಹಠ ನನಗೆ ಹುಟ್ಟಿನಿಂದಲೇ ಬಂದದ್ದು. ಲಿಂಗವನ್ನು ತೊಳೆದು, ಹೊಸದಾಗಿ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಮತ್ತೆ ಅದೇ ಎಡಗೈಯನ್ನು ಎತ್ತಿದೆ. ಅವರು ಬಾಗಿಲಲ್ಲಿ ನಿಂತು ಒಮ್ಮೆ ನನ್ನನ್ನೂ ಒಮ್ಮೆ ಗಡಿಯಾರವನ್ನೂ ನೋಡುತ್ತಿದ್ದರು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ನನ್ನ ಹೃದಯದ ಒಂದು ಭಾಗ ರಕ್ತವಿಲ್ಲದೆ ಒದ್ದಾಡುತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಇಸಿಜಿ ಕಾಗದವನ್ನು ನೋಡಿದ ಡಾಕ್ಟರು ನನ್ನನ್ನು ಕುರ್ಚಿಯಿಂದ ಏಳಲೂ ಬಿಡಲಿಲ್ಲ. ವಯಸ್ಸಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ಇದ್ದ ಹೆಣ್ಣುಮಗಳು.

“ಅಮ್ಮ, ಹಾರ್ಟ್ ಅಟ್ಯಾಕ್ ಆಗ್ತಾ ಇದೆ. ಈಗಲೇ ಆಂಜಿಯೋ ಮಾಡ್ಬೇಕು.”

ಆಗಿದೆ ಅನ್ನಲಿಲ್ಲ. ಆಗ್ತಾ ಇದೆ ಅಂದರು.

ಆಂಜಿಯೋ ಮಾಡುವ ಕ್ಯಾತ್ ಲ್ಯಾಬಿನ ಬಾಗಿಲಲ್ಲಿ ಇನ್ನೊಂದು ರಗಳೆ. ಕೊರಳಲ್ಲಿ ಇರುವುದನ್ನೆಲ್ಲ ತೆಗೆಯಬೇಕು, ಹೃದಯಕ್ಕೆ ಕರೆಂಟ್ ಶಾಕ್ ಕೊಡಬೇಕಾಗಿ ಬಂದರೆ ಎದೆ ಖಾಲಿ ಇರಬೇಕು ಎಂದು ನರ್ಸ್ ಹೇಳಿದಳು. ಮೈಯಿಂದ ಲಿಂಗವನ್ನು ಬೇರೆ ಮಾಡುವುದಿಲ್ಲ ಎಂದು ನಾನು. ಸಾಯುವ ಹೊತ್ತಿನಲ್ಲೂ ವಾದ ಮಾಡುವ ಜಾತಿ ನಾನು. ಆ ನರ್ಸ್ ಜಗಳ ಆಡಲಿಲ್ಲ, ಪುಣ್ಯಾತ್ಗಿತ್ತಿ. “ಬಲಗೈಯಲ್ಲಿ ನಳಿಗೆ ಹಾಕ್ತೀವಿ. ಎಡಗೈ ಫ್ರೀ ಇರುತ್ತೆ,” ಅಂದಳು. ಬೆಳ್ಳಿ ಕರಡಿಗೆಯನ್ನು ಯಜಮಾನರಿಗೆ ಕೊಟ್ಟು, ಲಿಂಗವನ್ನು ಮಾತ್ರ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಸುತ್ತಿ, ನನ್ನ ಎಡ ಅಂಗೈಯಲ್ಲಿಟ್ಟು ಪ್ಲಾಸ್ಟರ್ ಅಂಟಿಸಿದಳು.

ನೋಯುತ್ತಿದ್ದ ಅದೇ ಕೈಗೆ.

ಮುಚ್ಚಿದ್ದ ರಕ್ತನಾಳ ತೆರೆಯಿತು. ಸ್ಟೆಂಟ್ ಕೂತಿತು. “ರಕ್ತ ಹರೀತಿದೆ ಅಮ್ಮ,” ಎಂದು ಡಾಕ್ಟರ್ ಹೇಳಿದ್ದು ಕೇಳಿಸಿತು. ಮುಗಿಯಿತಪ್ಪಾ ಅಂದುಕೊಂಡೆ. ಅಷ್ಟರಲ್ಲಿ ಮಾನಿಟರಿನ ಸದ್ದು ಬದಲಾಯಿತು. ಟಿಕ್ ಟಿಕ್ ಎನ್ನುತ್ತಿದ್ದದ್ದು ಒಂದೇ ಸಮನೆ ಬಡಿಯತೊಡಗಿತು. ಯಾರೋ ಜೋರಾಗಿ ಏನೋ ಕೂಗಿದರು.

ಆಮೇಲೆ ನಾನಿರಲಿಲ್ಲ.

ಎಚ್ಚರವಾದಾಗ, ಶಾಕ್ ಕೊಟ್ಟ ಕಡೆ ಎದೆಯ ಚರ್ಮ ಉರಿಯುತ್ತಿತ್ತು. ಎಡಗೈ ಮುಷ್ಟಿ ಬಿಗಿದಿತ್ತು. ಬೆರಳು ಬಿಡಿಸಿ ನೋಡಿದೆ. ಲಿಂಗ ಅಲ್ಲೇ ಇತ್ತು. ಆಗ ಅಳು ಬಂತು.

ಮಾರನೆಯ ದಿನ ಐಸಿಯುನಲ್ಲಿ ಎರಡು ಸಲ ಮತ್ತೆ ಬಡಿತ ದಾರಿ ತಪ್ಪಿತು. ಕೆಲವೇ ಕ್ಷಣ, ತಾನಾಗಿಯೇ ನಿಂತಿತು. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಇನ್ನೂ ಯಾಕೆ ಹೀಗೆ ಎಂದು ಡಾಕ್ಟರನ್ನು ಕೇಳಿದೆ. ಅವರು ಇಸಿಜಿ ಕಾಗದದ ಹಿಂದೆ ಒಂದು ಹೃದಯ ಬರೆದು, ಅದರ ಬೆನ್ನಿನ ಕಡೆ ಅಲ್ಲಲ್ಲಿ ಚುಕ್ಕೆ ಇಟ್ಟರು.

“ಹೃದಯಕ್ಕೆ ಅದರದ್ದೇ ನರಕೋಶಗಳಿವೆ ಅಮ್ಮ. ಗುಂಪು ಗುಂಪಾಗಿ, ಹೃದಯದ ಮೇಲಿನ ಕೊಬ್ಬಿನೊಳಗೆ ಕೂತಿರುತ್ತವೆ. ಮೆದುಳನ್ನ ಕೇಳದೇನೇ ಎಷ್ಟೋ ಕೆಲಸ ನೋಡ್ಕೊಳ್ತವೆ. ರಕ್ತ ಕಡಿಮೆ ಆದಾಗ ಸ್ನಾಯುವಿನ ಥರ ಅವಕ್ಕೂ ತೊಂದ್ರೆ. ಕೆಲವು ಸುಮ್ಮನಾಗ್ತವೆ, ಕೆಲವು ಗಾಬರಿಯಾಗಿ ಇಲ್ಲದ ಆರ್ಡರ್ ಕೊಡ್ತವೆ. ಬಡಿತ ಕೆಡೋದ್ರಲ್ಲಿ ಅವುಗಳ ಪಾಲೂ ಇರುತ್ತೆ.”

“ಈಗ ರಕ್ತ ಬಂತಲ್ಲ?”

“ರಕ್ತ ಬಂದ ತಕ್ಷಣ ಅವು ಸಮಾಧಾನ ಆಗಲ್ಲ. ಟೈಮ್ ತಗೊಳ್ತವೆ. ಕೆಲವು ಬದಲಾಗೇ ಉಳಿದುಬಿಡಬಹುದು. ನಮಗೂ ಅದು ಪೂರ್ತಿ ಗೊತ್ತಿಲ್ಲ.”

ಹಾಗಾದರೆ ಕೈ ಯಾಕೆ ನೋಯುತ್ತಿತ್ತು? ಹೃದಯದಿಂದ ಹೊರಟ ನೋವಿನ ನರಗಳೂ ಕೈಯ ನರಗಳೂ ಬೆನ್ನುಹುರಿಯಲ್ಲಿ ಒಂದೇ ಕಡೆ ಸೇರುತ್ತವಂತೆ. ಕೂಗಿದವರು ಯಾರು ಎಂದು ಮೆದುಳಿಗೆ ಗೊತ್ತಾಗದೆ, ಕೈಯೇ ಇರಬೇಕು ಅಂದುಕೊಳ್ಳುತ್ತದಂತೆ. ನನ್ನ ಮೆದುಳೂ ನನ್ನಷ್ಟೇ ಜಾಣ ಎಂದೆ. ಡಾಕ್ಟರ್ ನಕ್ಕರು. ಆಮೇಲೆ ನಗು ನಿಲ್ಲಿಸಿ ಇನ್ನೊಂದು ಮಾತು ಹೇಳಿದರು.

“ಆರು ವಾರ ನೋಡೋಣ. ಹಾರ್ಟ್ ಚೇತರಿಸಿಕೊಳ್ಳದಿದ್ರೆ, ರಿದಮ್ ಕೆಡ್ತಾನೇ ಇದ್ರೆ, ಎಡಗಡೆ ಭುಜದ ಮೂಳೆ ಕೆಳಗೆ ಒಂದು ಡಿವೈಸ್ ಇಡ್ಬೇಕಾಗುತ್ತೆ. ಅಗತ್ಯ ಬಿದ್ದಾಗ ಅದೇ ಒಳಗಿಂದ ಶಾಕ್ ಕೊಡುತ್ತೆ.”

ಆರು ವಾರ. ನನ್ನ ಜೀವನದಲ್ಲಿ ಅಷ್ಟು ಉದ್ದದ ಆರು ವಾರ ಇನ್ನೊಂದಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೆ ಎದೆಗೆ ಕೈ ಹೋಗುತ್ತಿತ್ತು. ಮಣಿಕಟ್ಟು ಹಿಡಿದು ಬಡಿತ ಎಣಿಸುವುದೇ ಕೆಲಸವಾಯಿತು. ಒಂದು ಬಡಿತ ತಪ್ಪಿದರೆ ಆ ಚುಕ್ಕೆಗಳು ಮತ್ತೆ ಗಾಬರಿಯಾದವೇನೋ ಅನ್ನಿಸುತ್ತಿತ್ತು. ಕ್ಲಾಸಿನ ತುಂಬ ಮಕ್ಕಳನ್ನು ಸುಮ್ಮನಿರಿಸಿದವಳು ನಾನು, ಇವನ್ನು ಹೇಗೆ ಸುಮ್ಮನಿರಿಸಲಿ? ಗದರಿಸಿದರೆ ಕೇಳುವ ಪೈಕಿಯಲ್ಲ. ಪೂಜೆಯನ್ನು ಕೈ ಎತ್ತದೆ, ಮಡಿಲಲ್ಲೇ ಇಟ್ಟು ಮಾಡುತ್ತಿದ್ದೆ. ಎತ್ತಬಾರದು ಎಂದು ಯಾರೂ ಹೇಳಿರಲಿಲ್ಲ. ನನಗೇ ಭಯ. ಯಜಮಾನರು ಅಂಗಡಿಗೆ ತಡವಾಗಿ ಹೋಗತೊಡಗಿದರು. ಕೇಳಿದರೆ, “ಯಾರೂ ಬರಲ್ಲ ಇಷ್ಟು ಬೇಗ,” ಅನ್ನುತ್ತಿದ್ದರು. ಸುಳ್ಳು. ಅವರಿಗೂ ಭಯ.

ಆರು ವಾರದ ಮೇಲೆ ಹೃದಯದ ಎಕೋ ಸ್ಕ್ಯಾನ್ ಮಾಡಿದರು. ಒಂದು ದಿನ ಪೂರ್ತಿ ಬಡಿತ ದಾಖಲಿಸುವ ಯಂತ್ರವನ್ನು ಕೊರಳಿಗೆ ಹಾಕಿ ಕಳಿಸಿದರು. ಬಡಿತ ಸರಿಯಾಗಿತ್ತು. ಹೃದಯ ಒಂದಷ್ಟು ಚೇತರಿಸಿಕೊಂಡಿತ್ತು. ಸದ್ಯಕ್ಕೆ ಡಿವೈಸ್ ಬೇಡ ಅಂದರು. ಆ “ಸದ್ಯಕ್ಕೆ” ಅನ್ನುವುದನ್ನು ನಾನು ಮರೆತಿಲ್ಲ.

ಮಾರನೆಯ ಬೆಳಗ್ಗೆ ಧೈರ್ಯ ಮಾಡಿ ಎಡಗೈ ಎತ್ತಿದೆ. ಎಂದೂ ನನ್ನ ಜೊತೆ ಪೂಜೆಗೆ ಕೂರದ ಯಜಮಾನರು ಎದುರಿಗೆ ಬಂದು ಕೂತರು. ಅವರ ಕಣ್ಣು ಲಿಂಗದ ಮೇಲಿರಲಿಲ್ಲ, ನನ್ನ ತೋಳಿನ ಮೇಲಿತ್ತು. ಎಂಟು ನಿಮಿಷವಾಗಿರಬೇಕು.

ಕೈ ನೋಯತೊಡಗಿತು.

ಹೃದಯವೋ, ಕೈಯೋ? ನನಗೆ ಗೊತ್ತಾಗಲಿಲ್ಲ. ಗೊತ್ತು ಎಂದುಕೊಂಡದ್ದಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು.

“ರೀ, ನೋಯ್ತಿದೆ,” ಅಂದೆ. ಲಿಂಗವನ್ನು ಕರಡಿಗೆಗೆ ಸೇರಿಸಿ ಎದ್ದೆ. ಹುಟ್ಟಿದಮೇಲೆ ಮೊದಲ ಸಲ ಪೂಜೆಯನ್ನು ಅರ್ಧಕ್ಕೆ ಬಿಟ್ಟೆ.

ಇಸಿಜಿ. ರಕ್ತಪರೀಕ್ಷೆ. ಮೂರು ಗಂಟೆ ಬಿಟ್ಟು ಇನ್ನೊಂದು ಇಸಿಜಿ. ಯಜಮಾನರು ನನ್ನ ಎಡಗೈಯನ್ನು ಹಿಡಿದವರು ಬಿಡಲೇ ಇಲ್ಲ. ಕೊನೆಗೆ ಡಾಕ್ಟರ್ ಬಂದು ತೋಳನ್ನು ಅಲ್ಲಲ್ಲಿ ಒತ್ತಿ ನೋಡಿದರು. ಒಂದು ಕಡೆ ಒತ್ತಿದಾಗ “ಅಮ್ಮಾ!” ಎಂದು ಕಿರುಚಿದೆ.

“ಇದು ಹಾರ್ಟ್ ಅಲ್ಲಮ್ಮ. ಆರು ವಾರ ಎತ್ತದೇ ಇರೋ ಕೈನ ಒಂದೇ ಸಲ ಎತ್ತಿ ಹಿಡಿದಿದೀರ. ಬರೀ ಕೈನೋವು.”

ಬರೀ ಕೈನೋವು! ಅಷ್ಟು ಚೆಂದದ ಮಾತನ್ನು ನಾನು ಈಚೆಗೆ ಕೇಳಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಮನೆಗೆ ಮರಳುವಾಗ ಆಟೋದಲ್ಲಿ ಯಜಮಾನರು ಬಹಳ ದಿನದ ಮೇಲೆ ಛೇಡಿಸಿದರು. “ಪೂಜೆ ಅರ್ಧಕ್ಕೆ ಬಿಟ್ಟೆಯಲ್ಲೇ ಗಿರಿಜಾ. ಈಗೇನ್ಮಾಡ್ತೀಯಾ?”

“ನಾಳೆ ಮಾಡ್ತೀನಿ ಬಿಡಿ,” ಅಂದೆ.